ಮೈಸೂರಿನ ರಾಣೀವಾಸವೂ ಸರ್ವಾಧಿಕಾರದ ಪ್ರತಿರೋಧವೂ

೧

ಕ್ರಿ. ಶ. ೧೭೮೨ನೆಯ ಇಸವಿ ಅಕ್ಟೋಬರ್ ೨೮ನೆಯ ತಾರೀಖು ತಂಜಾವೂರಿನಲ್ಲಿ ಒಂದು ಸಂಧಿಪತ್ರವಾಯಿತು. ಒಂದು ಪಕ್ಷದಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಜಾನ್ ಸಲಿವನ್ನನೂ, ಇನ್ನೊಂದು ಪಕ್ಷದಲ್ಲಿ ಮೈಸೂರಿನ ರಾಣಿಯವರ ಪರವಾಗಿ ಪ್ರಧಾನ ತಿರುಮಲರಾಯರೂ ಇದ್ದರು. ಈ ಪತ್ರವು ಇಂಗ್ಲಿಷ್ ಗ್ರಂಥಗಳಲ್ಲಿ ‘ರಾಣಾ ಸಂಧಿ’ ಎಂದು ಪ್ರಸಿದ್ಧವಾಗಿದೆ. ‘ರಾಣಿ’ ಎಂಬುದು ‘ರಾಣಾ’ ಆದುದು ಪರದೇಶದ ಲೇಖಕರ ಕಿವಿಯ ದೋಷದಿಂದಿರಬಹುದು. ಆದರೂ ಅಂತ್ಯಸ್ವರವೊಂದು ಮಾರ್ಪಟ್ಟು ಸ್ತ್ರೀಲಿಂಗವು ಪುಲ್ಲಿಂಗವಾದುದರಿಂದ, ಇದು ಯಾರೋ ಒಬ್ಬ ಅರಸನು ಮಾಡಿಕೊಂಡ ಸಂಧಿಯೆಂದು ಓದುವವನು ತಿಳಿಯಲು ಅವಕಾಶವಾಯಿತು.

ಆ ರಾಣಿಯವರು ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿಯಾದ ಲಕ್ಷ್ಮಮ್ಮಣ್ಣಿಯವರು. ಸೇನಾನಿಯಾಗಿದ್ದ ಕತ್ತಿ ಗೋಪಾಲರಾಜೇ ಅರಸಿನವರ ಮಗಳು. ಮೈಸೂರಿನ ಇತಿಹಾಸವನ್ನು ಬರೆದವರು ಇವರ ಹೆಸರನ್ನು ಬಿಟ್ಟಿರುವರೆಂದು ಹೇಳಲಾಗದು. ಕರ್ನಲ್ ಮಾರ್ಕ್ ವಿಲ್ಕ್ಸನ ಗ್ರಂಥದಲ್ಲಿಯೂ, ಅರಮನೆಯ ವಂಶಾವಳಿಯಲ್ಲಿಯೂ, ೧೯೪೩ರಿಂದ ೧೯೪೬ರವರೆಗೆ ಮೂರು ಸಂಪುಟಗಳಾಗಿ ಪ್ರಕಟವಾದ ಹಯವದನರಾಯರ ಇತಿಹಾಸದಲ್ಲಿಯೂ ಮೈಸೂರಿನ ರಾಣೀವಾಸದ ಪ್ರಸ್ತಾಪವುಂಟು. ಆದರೆ ಹೆಸರನ್ನು ಹೇಳುವುದು ಬೇರೆ, ಕರ್ತೃತ್ವವನ್ನು ಒಪ್ಪುವುದು ಬೇರೆ. ನಮ್ಮ ಪಾಠಪುಸ್ತಕಗಳ ವಾಕ್ಯಗಳಲ್ಲಿ ರಾಣಿಯವರು ಸಾಮಾನ್ಯವಾಗಿ ಚತುರ್ಥೀವಿಭಕ್ತಿಯಲ್ಲಿ ಬರುವರು. ತಿರುಮಲರಾಯರು ರಾಣಿಗಾಗಿ ದುಡಿದರು, ಇಂಗ್ಲಿಷರು ರಾಣಿಗೆ ರಾಜ್ಯವನ್ನು ಕೊಟ್ಟರು, ಎಂಬುದೇ ವಾಕ್ಯರೀತಿ. ಪ್ರಥಮಾವಿಭಕ್ತಿಯಲ್ಲಿ ಅವರನ್ನು ನಿಲ್ಲಿಸಿದ ವಾಕ್ಯವು ಅಪೂರ್ವ.

ತಾನೇ ಮಾಡುವವನಂತೆ ಮತ್ತೊಬ್ಬನಿಂದ ಮಾಡಿಸುವವನೂ ಕರ್ತೃವೇ ಎಂಬುದು ವ್ಯಾಕರಣಶಾಸ್ತ್ರದಲ್ಲಿ ಸಿದ್ಧವಾದ ವಿಷಯ. ಮಾಡಿಸುವವನನ್ನು ಪ್ರಯೋಜಕಕರ್ತೃವೆಂದೂ, ಅವನ ಪ್ರೇರಣೆಯಿಂದ ಮಾಡುವವನನ್ನು ಪ್ರಯೋಜ್ಯಕರ್ತೃವೆಂದೂ ಕರೆಯುವರು. ೧೭೬೦ರಿಂದ ೧೭೯೯ರವರೆಗೆ ಮೈಸೂರಿನಲ್ಲಿ ನಡೆದ ಪ್ರತಿರೋಧಕ್ಕೆ ರಾಣೀವಾಸದ ಸ್ತ್ರೀಯರು ಪ್ರಯೋಜಕಕರ್ತೃಗಳಾಗಿದ್ದರೆಂಬುದೂ, ಇತಿಹಾಸದ ವಾಕ್ಯವನ್ನು ಆ ರೀತಿಯಾಗಿ ಅನ್ವಯಿಸಬೇಕೆಂಬುದೂ ಈ ಲೇಖನದ ಪ್ರತಿಪಾದ್ಯ ವಿಷಯ.

೨

ಮೊದಲು ‘ಸರ್ವಾಧಿಕಾರ’ ಎಂಬ ಪದವನ್ನು ವಿಚಾರಿಸುವುದು ಅವಶ್ಯಕ. ಇಂದು ಈ ಪದವು ಜರ್ಮನಿ, ಇಟಲಿ ದೇಶಗಳಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನಡೆದ ನಿರಂಕುಶಪ್ರಭುತ್ವವನ್ನು ಮನಸ್ಸಿಗೆ ತರುತ್ತದೆ. ಆದರೆ ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ‘ಸರ್ವಾಧಿಕಾರಿ’ ಎಂಬುದು ಒಂದು ಉದ್ಯೋಗದ ಹೆಸರು. ದಳವಾಯಿಯು ಸೇನೆಗೂ, ಸರ್ವಾಧಿಕಾರಿಯು ರಾಜ್ಯದ ಆಡಳಿತ ಹಾಗೂ ಆದಾಯಕ್ಕೂ ಮುಖ್ಯರು. ಪ್ರಧಾನನು ಅರಸನ ಆಪ್ತಸಚಿವ. ಪುರಾತನ ರೋಮಿನಲ್ಲಿಯೂ ಯುದ್ಧದಂಥ ವಿಪತ್ಕಾಲದಲ್ಲಿ ಒಬ್ಬನಿಗೆ ಆರು ತಿಂಗಳ ಅವಧಿಗೆ ಎಲ್ಲ ಅಧಿಕಾರವನ್ನೂ ವಹಿಸುವ ಪದ್ಧತಿಯಿದ್ದಿತು. ಅವಧಿಯುಳ್ಳ ಅಧಿಕಾರವು ಅವಧಿಯನ್ನು ಮೀರಿದಾಗಲೇ ಪದದ ಅರ್ಥವೂ ಕೆಡುವುದು. ಮೈಸೂರಿನಲ್ಲಿ ಆದುದೂ ಹೀಗೆಯೇ.

ಈ ವಿಕಾರವು ಹೈದರಾಲಿಯಿಂದ ಆರಂಭವಾದುದಲ್ಲ. ನಂಜನಗೂಡು ತಾಲ್ಲೂಕಿನ ಕಳಲೆಯ ಮನೆತನದವರು ಮೈಸೂರು ಅರಸರೊಡನೆ ವಿವಾಹಸಂಬಂಧವುಳ್ಳವರಾಗಿ ದಳವಾಯಿಗಳಾದರು. ೧೭೩೪ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಬಾಲ್ಯದಲ್ಲಿಯೇ ಪಟ್ಟವನ್ನೇರಿದ ಮೇಲೆ ದಳವಾಯಿ ದೇವರಾಜಯ್ಯನೂ ಅವನ ತಮ್ಮನಾದ ಸರ್ವಾಧಿಕಾರಿ ನಂಜರಾಜಯ್ಯನೂ ರಾಜ್ಯವನ್ನು ತಾವೇ ಆಳಿದರು. ಈ ನಂಜರಾಜಯ್ಯನೇ ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತನಾದ ಕಳಲೆಯ ನಂಜರಾಜ, ಸಂಸ್ಕೃತದ ‘ಸಂಗೀತಗಂಗಾಧರ’ವನ್ನೂ ಕನ್ನಡದಲ್ಲಿ ಹಲವು ಗದ್ಯಗ್ರಂಥಗಳನ್ನೂ ರಚಿಸಿದವನು, ನೃಸಿಂಹಕವಿಯ ‘ನಂಜರಾಜಯಶೋಭೂಷಣ’ದ ನಾಯಕ. ಅಲಂಕಾರಶಾಸ್ತ್ರದ ಪಾಠದಲ್ಲಿ ನಾವು ಉದಾತ್ತನಾಯಕನೆಂದು ಪರಿಚಯಿಸುವ ಈತನೇ ೧೭೫೬ರಲ್ಲಿ ತನ್ನ ಅರಸನ ಅರಮನೆಯ ಮೇಲೆ ಫಿರಂಗಿಯನ್ನು ಹೂಡಿದನು. ಅರಸನು ಇವನ ಹಿಡಿತದಿಂದ ಬಿಡಿಸಿಕೊಳ್ಳಲು ಯತ್ನಿಸಿದ್ದೇ ಇದಕ್ಕೆ ಕಾರಣ. ಆದುದರಿಂದ ರಾಣೀವಾಸದವರು ಎದುರಿಸಬೇಕಾದ ಬಲಾತ್ಕಾರವು ಹೊರಗಿನಿಂದ ಬಂದುದಲ್ಲ. ಅದು ಮೊದಲು ನೆಂಟರ ಮನೆಯಿಂದಲೇ ಬಂದಿತು.

ತಿರುಚಿರಾಪಳ್ಳಿಯ ದೀರ್ಘಯುದ್ಧದಿಂದ ಬೊಕ್ಕಸವು ಬರಿದಾಗಿ ಸೈನಿಕರಿಗೆ ಸಂಬಳವು ನಿಂತಿತು. ಈ ಸಂದರ್ಭದಲ್ಲಿ ಸೇನೆಯ ವಿಶ್ವಾಸವನ್ನು ಸಂಪಾದಿಸಿ ಮೇಲೆ ಬಂದವನು ಹೈದರಾಲಿ. ೧೭೫೯ರಲ್ಲಿ ನಂಜರಾಜಯ್ಯನು ಅಧಿಕಾರವನ್ನು ಬಿಡಬೇಕಾಯಿತು. ಅರಮನೆಯವರು ಇದರಿಂದ ತಮಗೆ ಬಿಡುಗಡೆಯಾಯಿತೆಂದು ತಿಳಿದರು. ಆದರೆ ಸೇನೆಯ ವೆಚ್ಚದ ಹೆಸರಿನಲ್ಲಿ ರಾಜ್ಯದ ಬಹುಭಾಗದ ಆದಾಯವು ಹೈದರನ ವಶವಾಯಿತು.

ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ಶಕ್ತಿಯನ್ನು ಮೂರು ಬಗೆಯಾಗಿ ವಿಭಾಗಿಸಿರುವನು. ಕೋಶವೂ ದಂಡವೂ ಪ್ರಭುಶಕ್ತಿ, ಪರಾಕ್ರಮವು ಉತ್ಸಾಹಶಕ್ತಿ, ಜ್ಞಾನಬಲವು ಮಂತ್ರಶಕ್ತಿ. ಉತ್ಸಾಹಕ್ಕಿಂತ ಪ್ರಭಾವವೂ, ಪ್ರಭಾವಕ್ಕಿಂತ ಮಂತ್ರವೂ ಮೇಲೆಂಬುದು ಅವನ ಸಿದ್ಧಾಂತ. ಈಗ ಕೋಶವೂ ದಂಡವೂ ಅರಮನೆಯ ಕೈಬಿಟ್ಟುವು. ಉಳಿದುದು ಮಂತ್ರಶಕ್ತಿಯೊಂದೇ, ಅದನ್ನು ಪ್ರಯೋಗಿಸಿದವರು ಯಾರೆಂಬುದೇ ನಮ್ಮ ಪ್ರಶ್ನೆ.

೩

ದೊಡ್ಡ ಕೃಷ್ಣರಾಜ ಒಡೆಯರ ವಿಧವೆಯಾಗಿ ಆಗಲೇ ವೃದ್ಧರಾಗಿದ್ದ ದೇವಾಜಮ್ಮಣ್ಣಿಯವರು ೧೭೬೦ರಲ್ಲಿ ಅರಮನೆಯ ಹಿರಿಯರು. ಹೈದರನ ಲೆಕ್ಕಪತ್ರಗಳನ್ನು ನೋಡುತ್ತಿದ್ದ, ಅವನಿಂದಲೇ ಮುಂದೆ ಬಂದಿದ್ದ ಖಂಡೇರಾಯನನ್ನು ಅರಮನೆಯ ಪಕ್ಷಕ್ಕೆ ಸೇರಿಸಿಕೊಳ್ಳುವ ಕಾರ್ಯವು ಈ ರಾಣಿಯವರ ಆಲೋಚನೆಯಿಂದ ನಡೆಯಿತೆಂದು ವಿಲ್ಕ್ಸನ ಬರವಣಿಗೆಯಿಂದ ತಿಳಿಯುತ್ತದೆ. ಮರಾಠರ ಸೇನೆಯು ಸಮೀಪದಲ್ಲಿದ್ದಿತು. ಹೈದರನ ಸೈನ್ಯದ ದೊಡ್ಡ ಪಾಲು ದೂರದೇಶಕ್ಕೆ ಹೋಗಿದ್ದಿತು. ಕಾಲವನ್ನು ಆರಿಸಿಕೊಳ್ಳುವುದೇ ಮಂತ್ರದ ಮುಖ್ಯಾಂಗವಾದುದರಿಂದ ಈ ಆಲೋಚನೆಯು ಸಾಮಾನ್ಯವಾದುದಲ್ಲ. ಆಗಸ್ಟ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಕೋಟೆಯ ಫಿರಂಗಿಗಳು ಇದ್ದಕ್ಕಿದ್ದಂತೆ ಹೈದರನ ಬಿಡಾರದ ಮೇಲೆ ತಿರುಗಿದುವು. ಅವನು ಹೆಂಡತಿಮಕ್ಕಳನ್ನು ಬಿಟ್ಟು, ಕೆಲವೇ ಸವಾರರೊಡನೆ ರಾತ್ರಿಯಲ್ಲಿ ಕಾವೇರಿಯನ್ನು ದಾಟಿ ಆನೇಕಲ್ಲಿನ ಮಾರ್ಗವಾಗಿ ಬೆಂಗಳೂರನ್ನು ಸೇರಿದನು. ಹಿಂದೆ ಉಳಿದ ಅವನ ಕುಟುಂಬವನ್ನು ಖಂಡೇರಾಯನು ಮರ್ಯಾದೆಯಿಂದಲೇ ನಡೆಸಿಕೊಂಡನು.

ಮರಾಠರು ೧೭೬೧ರ ಜನವರಿಯಲ್ಲಿ ಪಾನಿಪತದಲ್ಲಿ ಸೋತರು. ಬೆಂಗಳೂರಿನ ಹತ್ತಿರವಿದ್ದ ಅವರ ಸೇನಾನಿಯು ಹೈದರನೊಡನೆ ಒಪ್ಪಂದವನ್ನು ಮಾಡಿಕೊಂಡು ಹಿಂದಿರುಗಿದನು. ಬಲಗೊಂಡ ಹೈದರನು ಸೋಸಲೆಯ ಕೆಳಗಡೆ ಕಾವೇರಿಯನ್ನು ದಾಟಿ ನಂಜನಗೂಡಿನತ್ತ ಬಂದನು.

ಈ ಎರಡು ಸ್ಥಳಗಳ ಸಂಬಂಧವನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ನಂಜನಗೂಡಿನ ಶ್ರೀಕಂಠೇಶ್ವರನ ಪಾದದಲ್ಲಿ ಹರಿಯುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವಳು. ವ್ಯಾಸರಾಜಮಠದಿಂದ ಪ್ರಸಿದ್ಧವಾದ ಸೋಸಲೆಯು ಆ ಸಂಗಮಕ್ಕೆ ಸಮೀಪದ ಗ್ರಾಮ. ಶ್ರೀರಂಗಪಟ್ಟಣಕ್ಕೆ ದಕ್ಷಿಣದಲ್ಲಿ ಈ ಎರಡು ನದಿಗಳ ನಡುವಣ ಸೀಮೆಯನ್ನು ಹಿಡಿದವನಿಗೆ ರಾಜಧಾನಿಯ ಧಾನ್ಯವೂ, ಘಟ್ಟದ ಕೆಳಗಣ ದಾರಿಯೂ ಕೈಸೇರುವುದು.

ನಂಜನಗೂಡಿನ ಹತ್ತಿರ ನಡೆದ ಯುದ್ಧದಲ್ಲಿ ಹೈದರನು ಸೋತನು. ನಮ್ಮ ವಿದ್ಯಾರ್ಥಿಗಳಲ್ಲಿ ಇದನ್ನು ತಿಳಿದವರು ವಿರಳ. ಅರಮನೆಯ ಪಕ್ಷವು ಆಯುಧದಿಂದ ಪಡೆದ ದೊಡ್ಡ ಜಯವು ಇದೊಂದೇ. ಆದರೆ ಸೋತವನು ಸುಮ್ಮನಾಗಲಿಲ್ಲ. ಕೊಣನೂರಿನಲ್ಲಿ ನಿವೃತ್ತನಾಗಿದ್ದ ನಂಜರಾಜಯ್ಯನ ಬಾಗಿಲಿಗೆ ರಾತ್ರಿಯಲ್ಲಿ ಹೋಗಿ ಶರಣಾಗತನಂತೆ ನಿಂತು ಅವನ ಸಹಾಯವನ್ನು ಪಡೆದನು. ಬಳಿಕ ಖಂಡೇರಾಯನ ಸರದಾರರಿಗೆ ನಂಜರಾಜಯ್ಯನ ಹೆಸರಿನಲ್ಲಿ ಕೃತ್ರಿಮಪತ್ರಗಳನ್ನು ಬರೆಯಿಸಿ, ಅವು ಖಂಡೇರಾಯನ ಕೈಗೇ ಸಿಕ್ಕುವಂತೆ ಮಾಡಿದನು. ತನ್ನವರೇ ದ್ರೋಹಿಗಳೆಂದು ನಂಬಿದ ಖಂಡೇರಾಯನು ಸೇನೆಯನ್ನು ಬಿಟ್ಟು ಶ್ರೀರಂಗಪಟ್ಟಣಕ್ಕೆ ಓಡಿದನು. ನಾಯಕನಿಲ್ಲದ ಸೇನೆಯು ಕಟ್ಟೆಮಳಲವಾಡಿಯ ಬಳಿ ಮುರಿಯಿತು. ಮಂತ್ರಶಕ್ತಿಯು ಉತ್ಸಾಹಶಕ್ತಿಯನ್ನು ಜಯಿಸುವುದೆಂಬ ಕೌಟಿಲ್ಯನ ಮಾತಿಗೆ ಇಲ್ಲಿ ಹೈದರನೇ ನಿದರ್ಶನವನ್ನಿತ್ತನು.

೧೭೬೧ರ ಮಧ್ಯಭಾಗದಲ್ಲಿ ರಾಜ್ಯವು ಸಂಪೂರ್ಣವಾಗಿ ಹೈದರನದಾಯಿತು. ಅರಸನ ಖರ್ಚಿಗೆ ಮೂರು ಲಕ್ಷ ವರಹಗಳ ಸೀಮೆಯೂ, ನಂಜರಾಜಯ್ಯನಿಗೆ ಒಂದು ಲಕ್ಷದ ಸೀಮೆಯೂ ಉಳಿದುವು. ಖಂಡೇರಾಯನನ್ನು ಒಪ್ಪಿಸಬೇಕಾಗಿ ಬಂದಾಗ ಅವನ ವಿಷಯದಲ್ಲಿ ದಯೆಯನ್ನು ಕೋರಿ ಅರಸನೂ ಅರಮನೆಯ ಸ್ತ್ರೀಯರೂ ಕೂಡಿ ಹೈದರನಿಗೆ ಹೇಳಿಕಳುಹಿಸಿದರು. ಅವನನ್ನು ಗಿಳಿಯಂತೆ ಸಾಕುವೆನೆಂದು ಹೇಳಿ, ಪಂಜರದಲ್ಲಿಟ್ಟು ಹಾಲು ಅನ್ನವನ್ನು ಕೊಡಿಸಿದನೆಂಬ ಕಥೆಯು ಸರ್ವರಿಗೂ ಗೊತ್ತು. ಪಂಜರದ ಕಥೆಯನ್ನು ಎಲ್ಲರೂ ನೆನೆಯುವರು. ಆ ಕೋರಿಕೆಯನ್ನು ಕಳುಹಿಸಿದವರಲ್ಲಿ ಸ್ತ್ರೀಯರಿದ್ದರೆಂಬುದನ್ನು ಯಾರೂ ಹೇಳರು. ಗೆದ್ದವನು ಸೇಡನ್ನು ತೀರಿಸಿಕೊಳ್ಳುತ್ತಿರುವಾಗ ಸೋತವರ ಹೆಸರಿನಲ್ಲಿ ಮಾತನಾಡುವುದು ಅಪಾಯದ ಕೆಲಸ; ತಾವು ಪ್ರೇರಿಸಿದವನನ್ನು ಅವರು ಅಪಾಯದಲ್ಲಿ ನಿರಾಕರಿಸಲಿಲ್ಲ.

೪

ಆಯುಧದ ಪ್ರತಿರೋಧವು ಇಲ್ಲಿಗೆ ಮುಗಿಯಿತು. ಕೃಷ್ಣರಾಜ ಒಡೆಯರು ೧೭೬೬ರಲ್ಲಿ ಗತಿಸಿದರು. ಅವರ ಮಗ ನಂಜರಾಜ ಒಡೆಯರು ೧೭೭೦ರಲ್ಲಿ ಹೈದರನ ಆಜ್ಞೆಯಿಂದ ಕೊಲ್ಲಲ್ಪಟ್ಟರೆಂದು ಇತಿಹಾಸಕಾರರು ಬರೆದಿರುವರು. ಬೆಟ್ಟದ ಚಾಮರಾಜ ಒಡೆಯರು ೧೭೭೬ರಲ್ಲಿ ತೀರಿಕೊಂಡ ಮೇಲೆ, ಖಾಸಾ ಚಾಮರಾಜ ಒಡೆಯರನ್ನು ಹೈದರನೇ ಮಕ್ಕಳ ಗುಂಪಿನಿಂದ ಆರಿಸಿ ಪಟ್ಟದಲ್ಲಿ ಕುಳ್ಳಿರಿಸಿದನು. ಹೀಗೆ ಹತ್ತು ವರ್ಷಗಳಲ್ಲಿ ಮೂವರು ಅರಸರು ಪಟ್ಟಕ್ಕೆ ಬಂದರು, ಅವರಾರಿಗೂ ಸ್ವಾತಂತ್ರ್ಯವಿರಲಿಲ್ಲ. ಈ ಕಾಲದಲ್ಲೆಲ್ಲ ಅರಮನೆಯಲ್ಲಿ ಬದಲಾಗದೆ ಉಳಿದವರು ವಿಧವೆಯಾದ ಲಕ್ಷ್ಮಮ್ಮಣ್ಣಿಯವರು.

ಅವರ ಪ್ರಯೋಜ್ಯಕರ್ತೃಗಳು ಪ್ರಧಾನರ ಮನೆತನದ ತಿರುಮಲರಾಯ, ನಾರಾಯಣರಾಯರೆಂಬ ಸೋದರರು. ಕಾರ್ಯವು ಸಿದ್ಧಿಸಿದರೆ ಪ್ರಧಾನಪದವಿಯು ವಂಶಪಾರಂಪರ್ಯವಾಗಿ ಅವರಿಗೆ ಸಲ್ಲುವುದೆಂದು ರಾಣಿಯವರು ಮಾತು ಕೊಟ್ಟರು. ಭರವಸೆಯನ್ನು ಕೊಟ್ಟು ನಿಯೋಗಿಸುವವನೇ ಒಡೆಯನೆಂಬುದು ಲೋಕಸಿದ್ಧ. ತಿರುಮಲರಾಯರು ಕಂಪೆನಿಯವರ ಸೀಮೆಯಲ್ಲಿದ್ದುಕೊಂಡು ಅಧಿಕಾರಿಗಳೊಡನೆ ವ್ಯವಹರಿಸುತ್ತಿದ್ದರು. ಅವರ ಮಾತಿಗೆ ಬೆಲೆಯು ಬಂದುದು ಪಟ್ಟಣದ ಕಾವಲಿನಲ್ಲಿದ್ದ ರಾಣಿಯವರ ಹೆಸರಿನಿಂದ. ಸಿಕ್ಕಿಬಿದ್ದರೆ ತಿರುಮಲರಾಯರಿಗೆ ದೂರದ ಆಶ್ರಯವುಂಟು. ರಾಣಿಯವರಿಗೆ ಅಂತಹ ಆಶ್ರಯವಾವುದೂ ಇಲ್ಲ.

೧೭೮೨ರ ಸಂಧಿಯ ಸ್ವರೂಪವನ್ನು ನೋಡಿದರೆ ಇದು ದೀನರ ಬಿನ್ನಹವಲ್ಲವೆಂದು ತಿಳಿಯುವುದು. ಕಂಪೆನಿಯ ಸೇನೆಯು ಒಂದೊಂದು ಹಂತವನ್ನು ಸಾಧಿಸಿದ ಹಾಗೆಲ್ಲ ಒಂದೊಂದು ಮೊತ್ತವನ್ನು ರಾಣಿಯವರು ಕೊಡತಕ್ಕುದೆಂದು ಏರ್ಪಾಡಾಯಿತು. ಕೆಲಸಕ್ಕೆ ತಕ್ಕ ಕೂಲಿಯೆಂಬಂತೆ ಲೆಕ್ಕಹಾಕಿದ ಒಪ್ಪಂದವಿದು. ಇದಾದ ನಲವತ್ತು ದಿನಗಳಲ್ಲಿ, ಡಿಸೆಂಬರ್ ೭ರಂದು, ಹೈದರನು ಮರಣ ಹೊಂದಿದನು; ಟಿಪ್ಪುವು ಅಧಿಕಾರಕ್ಕೆ ಬಂದನು. ೧೭೮೩ರ ಜುಲೈ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಅಂಚೆಯ ಶಾಮಯ್ಯ ಮೊದಲಾದವರು ಅರಸರ ಪಕ್ಷವಾಗಿ ಏಳಬೇಕೆಂದಿದ್ದುದು ಬಯಲಾಗಿ ಅನೇಕರು ಮಡಿದರು. ೧೭೮೪ರ ಮಾರ್ಚಿಯಲ್ಲಿ ಕಂಪೆನಿಯು ಮಂಗಳೂರಿನಲ್ಲಿ ಟಿಪ್ಪುವಿನೊಡನೆ ಸಂಧಿಯನ್ನು ಮಾಡಿಕೊಂಡು ರಾಣಿಯವರೊಡನೆ ಮಾಡಿದ ಸಂಧಿಯನ್ನು ಮೂಲೆಗೆ ಹಾಕಿತು. ೧೭೯೨ರಲ್ಲಿ ಕಾರ್ನ್‌ವಾಲಿಸನು ಟಿಪ್ಪುವಿನ ರಾಜ್ಯದ ಅರ್ಧಭಾಗವನ್ನು ಕಿತ್ತುಕೊಂಡನಲ್ಲದೆ ಅರಸುಮನೆತನವನ್ನು ಜ್ಞಾಪಿಸಿಕೊಳ್ಳಲಿಲ್ಲ. ೧೭೯೬ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಹೋದಾಗ ಟಿಪ್ಪುವು ಬೇರೊಬ್ಬರಿಗೆ ಪಟ್ಟವನ್ನು ಕಟ್ಟಲಿಲ್ಲ. ಅರಮನೆಯ ಒಡವೆವಸ್ತುಗಳು ಸೂರೆಯಾಗಿ, ಎರಡು ವರ್ಷದ ಶಿಶುವಿನೊಡನೆ ರಾಣೀವಾಸವು ಬಡಮನೆಯೊಂದಕ್ಕೆ ಹೋಗಬೇಕಾಯಿತು. ಇಷ್ಟಾದರೂ ರಾಣಿಯವರ ಪ್ರಯತ್ನವು ನಿಲ್ಲಲಿಲ್ಲ. ನಂಜನಗೂಡಿನಲ್ಲಿ ಗೆದ್ದ ಪುರುಷರ ಉತ್ಸಾಹವು ಒಂದೇ ವರ್ಷದಲ್ಲಿ ಕೊನೆಗೊಂಡಿತು; ರಾಣೀವಾಸದ ಮಂತ್ರವು ಮೂವತ್ತೆಂಟು ವರ್ಷ ಬಾಳಿತು.

೫

ಇಲ್ಲಿ ಮೂರು ಆಕ್ಷೇಪಗಳು ಬರಬಹುದು.

ಮೊದಲನೆಯದು: ಇದು ಕುಲದ ಹಿತಕ್ಕಾಗಿ ಮಾಡಿದ ಯತ್ನವೇ ಹೊರತು ಪ್ರಜೆಗಳ ಪಕ್ಷದ ಪ್ರತಿರೋಧವಲ್ಲ ಎಂಬುದು. ಇದರಲ್ಲಿ ಸತ್ಯಾಂಶವುಂಟು. ರಾಣಿಯವರು ಪ್ರಜಾಪ್ರಭುತ್ವವನ್ನು ಕೋರಿದವರಲ್ಲ. ಆದರೆ ಖಂಡೇರಾಯನಿಗೂ ತಿರುಮಲರಾಯರಿಗೂ ಈ ಮಾತು ಸಮಾನವಾಗಿ ಸಲ್ಲುವುದು. ಅದೇ ಕಾರ್ಯವನ್ನು ಪುರುಷರು ಮಾಡಿದರೆ ರಾಜನೀತಿಯೆಂದೂ, ಸ್ತ್ರೀಯರು ಮಾಡಿದರೆ ಅಂತಃಪುರದ ಒಳಸಂಚೆಂದೂ ಕರೆಯುವುದು ನ್ಯಾಯವಲ್ಲ.

ಎರಡನೆಯದು: ಪರಕೀಯರನ್ನು ಕರೆದುದರಿಂದ ದೇಶದ ಸ್ವಾತಂತ್ರ್ಯವೇ ಹೋಯಿತು ಎಂಬುದು. ಇದು ಬಲವಾದ ಆಕ್ಷೇಪ, ಇದನ್ನು ಮರೆಮಾಚಬಾರದು. ೧೭೯೯ರ ಜುಲೈ ೮ರ ಒಪ್ಪಂದದಂತೆ ಮೈಸೂರು ಪ್ರತಿವರ್ಷವೂ ಏಳು ಲಕ್ಷ ವರಹಗಳನ್ನು ಕಂಪೆನಿಗೆ ತೆರಬೇಕಾಯಿತು. ಆದರೆ ಹೊರಗಿನ ಬಲವನ್ನು ಆಶ್ರಯಿಸುವುದು ಆ ಕಾಲದ ಸರ್ವರ ಮಾರ್ಗ. ಖಂಡೇರಾಯನು ಮರಾಠರನ್ನೂ, ಹೈದರನೂ ಟಿಪ್ಪುವೂ ಫ್ರೆಂಚರನ್ನೂ ನೆಚ್ಚಿದರು. ರಾಣಿಯವರ ಎಣಿಕೆಯು ತಪ್ಪಿತೆಂದು ಹೇಳಬಹುದು. ತಪ್ಪೆಣಿಸಿದವರೆಂದು ಹೇಳುವುದಕ್ಕೂ ಅವರನ್ನು ಎಣಿಸಿದವರೆಂದು ಒಪ್ಪಲೇಬೇಕಷ್ಟೆ.

ಮೂರನೆಯದು: ಇದು ಮತದ್ವೇಷದಿಂದಾದುದೆಂಬುದು. ಮೇಲೆ ಹೇಳಿದಂತೆ ಮೊದಲು ಅರಸನನ್ನು ಅಡಗಿಸಿದವರು ಶಿವಭಕ್ತರಾದ ಕಳಲೆಯವರು. ಹೈದರ ಟಿಪ್ಪುಗಳ ಆಡಳಿತದಲ್ಲಿ ಖಂಡೇರಾಯ, ಶಾಮಯ್ಯ, ಪೂರ್ಣಯ್ಯ ಮೊದಲಾದವರು ಉನ್ನತಪದವಿಯಲ್ಲಿದ್ದರು. ನಂಜನಗೂಡಿನ ದೇವಾಲಯದಲ್ಲಿ ಟಿಪ್ಪುವಿನ ಕೊಡುಗೆಯೆಂದು ಹೇಳುವ ಪಚ್ಚೆಯ ಲಿಂಗವು ಇಂದಿಗೂ ಪೂಜೆಗೊಳ್ಳುತ್ತಿದೆ. ಶೃಂಗೇರಿಯ ಜಗದ್ಗುರುಗಳಿಗೆ ಅವನು ಬರೆದ ಕನ್ನಡ ಪತ್ರಗಳು ವಿದ್ವಾಂಸರಿಗೆ ವಿದಿತವಾಗಿವೆ. ಅವನ ಶೌರ್ಯವನ್ನೂ ಆಡಳಿತದ ದಕ್ಷತೆಯನ್ನೂ ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ದಕ್ಷನಾದವನ ಅಧಿಕಾರಕ್ಕೂ ಮೇರೆಯುಂಟೆ ಎಂಬುದೇ ವಿವಾದ. ಯುದ್ಧದ ಹೆಸರಿನಲ್ಲಿ ವಹಿಸಿಕೊಂಡ ಅಧಿಕಾರವನ್ನು, ಯುದ್ಧವು ಮುಗಿಯದಿರುವುದರಿಂದ, ಹಿಂದಿರುಗಿಸಲಿಲ್ಲ. ೧೭೬೭ರಿಂದ ೧೭೯೯ರವರೆಗೆ ಇಂಗ್ಲಿಷರೊಡನೆಯೇ ನಾಲ್ಕು ಯುದ್ಧಗಳಾದುವು. ಇಂಥ ಅಧಿಕಾರವನ್ನು ಒಪ್ಪದವರು ರಾಣೀವಾಸದವರು.

೬

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಟಿಪ್ಪುವು ಯುದ್ಧದಲ್ಲಿ ಮಡಿದನು. ಜೂನ್ ೨೨ರಂದು ಕಂಪೆನಿಯೂ ನಿಜಾಮನೂ ರಾಜ್ಯವನ್ನು ಹಂಚುವ ಒಪ್ಪಂದವನ್ನು ಮಾಡಿಕೊಂಡರು. ಜೂನ್ ೨೪ರಂದು ಲಕ್ಷ್ಮಮ್ಮಣ್ಣಿಯವರೂ ದೇವಾಜಮ್ಮಣ್ಣಿಯೆಂಬವರೂ ಕಂಪೆನಿಯ ಕಮಿಷನರರಿಗೆ ಬರೆದ ಪತ್ರವು ಪ್ರಸಿದ್ಧವಾಗಿದೆ. (ದೊಡ್ಡ ಕೃಷ್ಣರಾಜ ಒಡೆಯರು ೧೭೩೨ರಲ್ಲಿಯೇ ಗತಿಸಿದುದರಿಂದ, ಅವರ ವಿಧವೆಯಾಗಿ ೧೭೬೦ರಲ್ಲಿ ವೃದ್ಧರಾಗಿದ್ದ ದೇವಾಜಮ್ಮಣ್ಣಿಯವರನ್ನು ಇವರೆಂದು ಭ್ರಮಿಸಬಾರದು.) ಇದನ್ನು ಸಾಮಾನ್ಯವಾಗಿ ಕೃತಜ್ಞತಾಪತ್ರವೆಂದು ಉದಾಹರಿಸುವರು. ಕೃತಜ್ಞತೆಯೂ ಅದರಲ್ಲುಂಟು. ಆದರೆ ಅದರಲ್ಲಿ ಗಮನಿಸಬೇಕಾದ ಒಂದು ಲೆಕ್ಕವಿದೆ. ತಮ್ಮ ಪ್ರಭುತ್ವವು ನಿಂತು ನಲವತ್ತು ವರ್ಷಗಳಾದುವೆಂದು ಅವರು ಹೇಳುವರು. ೧೭೯೯ರಿಂದ ನಲವತ್ತು ವರ್ಷ ಹಿಂದಕ್ಕೆ ಎಣಿಸಿದರೆ ೧೭೫೯. ಪಟ್ಟವೇ ಇಲ್ಲದಂತಾದ ೧೭೯೬ನ್ನಾಗಲಿ, ಪತಿಯು ಗತಿಸಿದ ೧೭೬೬ನ್ನಾಗಲಿ ಅವರು ಆರಂಭವೆಂದು ಹಿಡಿಯಲಿಲ್ಲ. ಸಿಂಹಾಸನದ ಮೇಲೆ ಅರಸನು ಕುಳಿತಿದ್ದ ವರ್ಷಗಳನ್ನೂ ಪ್ರಭುತ್ವವಿಲ್ಲದ ವರ್ಷಗಳೆಂದೇ ಲೆಕ್ಕಕ್ಕೆ ತೆಗೆದುಕೊಂಡರು. ದಸರೆಯಲ್ಲಿ ಅರಸನನ್ನು ಜನರಿಗೆ ತೋರಿಸುವುದರಿಂದ ಪ್ರಭುತ್ವವಾಗದೆಂಬ ಸ್ಪಷ್ಟಜ್ಞಾನವು ಈ ಒಂದು ಸಂಖ್ಯೆಯಲ್ಲಿದೆ. ರಾಜನೀತಿಯ ತತ್ತ್ವವನ್ನು ಇಷ್ಟು ಸಂಗ್ರಹವಾಗಿ ಹೇಳಿದವರನ್ನು ಅನ್ಯರ ಕೈಗೊಂಬೆಗಳೆನ್ನಲಾಗದು.

ಜೂನ್ ೩೦ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಜಯವು ಪೂರ್ಣವಲ್ಲ. ರಾಣಿಯವರು ಮಾತು ಕೊಟ್ಟಿದ್ದ ತಿರುಮಲರಾಯರಿಗೆ ದಿವಾನಗಿರಿಯು ದೊರೆಯಲಿ‍ಲ್ಲ. ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನೇ ದಿವಾನನಾದನು. ೧೭೮೨ರಲ್ಲಿ ಸಂಧಿಯ ಪಕ್ಷವಾಗಿದ್ದವರು, ೧೭೯೯ರಲ್ಲಿ ರಾಜ್ಯವನ್ನು ಹಂಚುವಾಗ ಪಕ್ಷವಾಗಿರಲಿಲ್ಲ. ಅವರ ಪತ್ರದ ತಾರೀಖು ಹಂಚಿಕೆಯ ತಾರೀಖಿಗಿಂತ ಎರಡು ದಿನ ಈಚಿನದು. ಲಕ್ಷ್ಮಮ್ಮಣ್ಣಿಯವರು ೧೮೧೦ರಲ್ಲಿ ಕಾಲವಾದರು. ಆದರೆ ಅವರ ವಿಧಾನವು ಮನೆತನದಲ್ಲಿ ನಿಂತಿತು. ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡಾಗ ಮುಮ್ಮಡಿ ಕೃಷ್ಣರಾಜ ಒಡೆಯರು ಅಜ್ಜಿಯವರಂತೆಯೇ ಪತ್ರಗಳಿಂದ ಹೋರಾಡಿದರು. ೧೮೮೧ರಲ್ಲಿ ರಾಜ್ಯವು ಮರಳಿ ಬಂದಿತು.

ಹೀಗಿದ್ದೂ ಇವರನ್ನು ಜನರು ಏಕೆ ಮರೆತರು? ನರಸೀಪುರದ ತಾಲ್ಲೂಕಿನಲ್ಲಿಯೇ ಇದಕ್ಕೆ ಒಂದು ಉತ್ತರವುಂಟು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದಾಗ, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮನು ಒಡವೆಗಳನ್ನು ಒಪ್ಪಿಸದೆ, ಶಾಪವನ್ನು ಕೊಟ್ಟು ಮಾಲಂಗಿಯಲ್ಲಿ ಕಾವೇರಿಗೆ ಬಿದ್ದಳೆಂದು ಐತಿಹ್ಯ. ತಲಕಾಡಿನ ಮರಳನ್ನು ನೋಡಿದ ಪ್ರತಿಯೊಬ್ಬನೂ ಈ ಕಥೆಯನ್ನು ಬಲ್ಲನು. ಅರಮನೆಯವರೂ ನವರಾತ್ರಿಯಲ್ಲಿ ಆಕೆಯ ಪ್ರತಿಮೆಯನ್ನು ಪೂಜಿಸುವರು. ಮಡುವಿಗೆ ಬಿದ್ದು ಶಾಪವನ್ನಿತ್ತ ಸ್ತ್ರೀಯನ್ನು ಲೋಕವು ನಾನೂರು ವರ್ಷ ನೆನೆದಿದೆ. ಬದುಕಿ ಸಂಧಿಪತ್ರವನ್ನು ಮಾಡಿಸಿದ ಸ್ತ್ರೀಯನ್ನು ಮರೆತಿದೆ. ಸ್ತ್ರೀಯ ಪ್ರತಿರೋಧವೆಂದರೆ ಆತ್ಮಾಹುತಿಯೆಂಬ ಭಾವನೆಯು ನಮ್ಮಲ್ಲಿ ಬೇರೂರಿರುವುದೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ. ದೀರ್ಘವಾದ ತಾಳ್ಮೆಯು ಕಥೆಯಾಗಲಾರದು. ಆದರೆ ಅದು ಇತಿಹಾಸವಾಗಲೇಬೇಕು.

ನಂಜನಗೂಡಿಗೆ ಹೋಗುವ ಯಾತ್ರಿಕನಿಗೆ ದೂರದಿಂದಲೇ ನೂರಿಪ್ಪತ್ತು ಅಡಿ ಎತ್ತರದ ಗೋಪುರವು ಕಾಣುವುದು. ೧೮೪೯ರಲ್ಲಿ ಅದನ್ನು ಕಟ್ಟಿಸಿದವರು ಮುಮ್ಮಡಿಯವರ ರಾಣಿಯವರೊಬ್ಬರು. ಆ ಗೋಪುರದ ವಿಷಯದಲ್ಲಿ ಯಾರೂ ಶಿಲ್ಪಿಯನ್ನು ಕರ್ತೃವೆಂದು ಹೇಳಿ ರಾಣಿಯವರನ್ನು ಬಿಡುವುದಿಲ್ಲ. ಕಟ್ಟಿಸಿದವರು ಅವರೇ ಎಂದು ಹೇಳುವರು. ೧೭೮೨ರ ಸಂಧಿಯ ವಿಷಯದಲ್ಲಿಯೂ ಅದೇ ವ್ಯಾಕರಣವನ್ನು ಅನುಸರಿಸಬೇಕೆಂದು ಉಪಾಧ್ಯಾಯ ಮಹಾಶಯರಲ್ಲಿ ನಮ್ಮ ಅರಿಕೆ. ತರಗತಿಯಲ್ಲಿ ‘ತಿರುಮಲರಾಯರು ಸಂಧಿಯನ್ನು ಮಾಡಿದರು’ ಎಂಬ ವಾಕ್ಯದ ಬದಲಾಗಿ ‘ಲಕ್ಷ್ಮಮ್ಮಣ್ಣಿಯವರು ತಿರುಮಲರಾಯರಿಂದ ಸಂಧಿಯನ್ನು ಮಾಡಿಸಿದರು’ ಎಂದು ಹೇಳಿಸಿದರೆ ವಾಕ್ಯವೂ ಶುದ್ಧವಾಗುವುದು, ಇತಿಹಾಸವೂ ಶುದ್ಧವಾಗುವುದು.